ನಾಲ್ಕು ಬೆರಳಿನ ಕೊಸರು

ಅತ್ತೆಗೆ ಕಡಿಮೆ ಬಿದ್ದದ್ದು ಒಂದೂವರೆ ಸೆಕೆಂಡು. ಕಾಲಿನಲ್ಲಿ ಕಸುವಿತ್ತು, ಎದೆಯಲ್ಲಿ ಉಸಿರಿತ್ತು, ಹಟವಂತೂ ಬೇಕಾದದ್ದಕ್ಕಿಂತ ಹೆಚ್ಚೇ ಇತ್ತು. ಸೆಕೆಂಡು ಮಾತ್ರ ಇರಲಿಲ್ಲ.

ಇಪ್ಪತ್ತಾರು ವರ್ಷದ ಹಿಂದಿನ ಮಾತು. ಅವಳಿಗೆ ಆಗ ಹತ್ತೊಂಬತ್ತು. ನಮ್ಮ ಬಡಾವಣೆಯ ಪಾರ್ಕಿನ ಮಣ್ಣಿನ ಟ್ರ್ಯಾಕಿನಲ್ಲಿ ಎಂಟುನೂರು ಮೀಟರ್ ಓಟದ ಆಯ್ಕೆ ನಡೆಯಿತು. ಎರಡು ಸುತ್ತು. ಎರಡು ನಿಮಿಷ ಹದಿನಾಲ್ಕು ಸೆಕೆಂಡಿನೊಳಗೆ ಮುಗಿಸಿದವರಿಗೆ ತರಬೇತಿ ಶಿಬಿರದಲ್ಲಿ ಜಾಗ; ಅಲ್ಲಿಂದ ಮುಂದೆ ದೊಡ್ಡ ತಂಡ, ದೊಡ್ಡ ಮೈದಾನ. ಐದು ಜನ ಓಡಿದರು. ಅತ್ತೆ ಗುರಿ ಮುಟ್ಟಿದಾಗ ಎರಡನೆಯವಳು ಇನ್ನೂ ತಿರುವಿನಲ್ಲಿದ್ದಳಂತೆ. ಆದರೆ ಗಡಿಯಾರ ಹಿಡಿದಿದ್ದ ಮೂವರೂ ಒಂದೇ ಮಾತು ಹೇಳಿದರು: ಎರಡು ನಿಮಿಷ ಹದಿನೈದೂವರೆ. ಉಳಿದ ನಾಲ್ವರನ್ನು ಗೆದ್ದರೆ ಸಾಲದು, ಗಡಿಯಾರವನ್ನೂ ಗೆಲ್ಲಬೇಕಿತ್ತು. ಶಿಬಿರಕ್ಕೆ ಹತ್ತೊಂಬತ್ತೇ ಕೊನೆಯ ವಯಸ್ಸು. ಮುಂದಿನ ತಿಂಗಳು ಅತ್ತೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕೆ ಸೇರಿದಳು. ಇವತ್ತಿಗೂ ಅಲ್ಲೇ ಇದ್ದಾಳೆ.

ಬಡಾವಣೆಯವರು ಅವಳಿಗೆ 'ಒಂದೂವರೆ' ಎಂದು ಹೆಸರಿಟ್ಟರು. ಕೆಟ್ಟ ಮನಸ್ಸಿನಿಂದಲ್ಲ. ಮೊದಲು ಮರುಕದಿಂದ ಅಂದರು, ಆಮೇಲೆ ತಮಾಷೆಗೆ ಅಂದರು, ಕೊನೆಗೆ ಯಾಕೆ ಅನ್ನುತ್ತೇವೆ ಎಂಬುದೇ ಮರೆತುಹೋಯಿತು. ಅಂಗಡಿಯವನು "ಏನು ಕೊಡ್ಲಿ ಒಂದೂವರೆ ಅಕ್ಕ?" ಅನ್ನುತ್ತಾನೆ, ಅವನು ಹುಟ್ಟಿದ್ದೇ ಆ ಓಟ ಮುಗಿದ ಮೇಲೆ. ಅತ್ತೆಯೂ ಅದನ್ನು ತನ್ನದು ಮಾಡಿಕೊಂಡಿದ್ದಳು. ಬಸ್ಸು ತಪ್ಪಲಿ, ಹಾಲು ಉಕ್ಕಲಿ, "ನನ್ನ ಹಣೆಬರಹ ಗೊತ್ತಲ್ಲ, ಒಂದೂವರೆ ಸೆಕೆಂಡು ಲೇಟು" ಅನ್ನುವಳು. ನಗುತ್ತಲೇ ಅನ್ನುವಳು. ಆದರೆ ಟೀವಿಯಲ್ಲಿ ಓಟ ಬಂದರೆ ಎದ್ದು ಹೋಗಿ ಪಾತ್ರೆ ತೊಳೆಯುತ್ತಿದ್ದಳು. ತೊಳೆದಿಟ್ಟ ಪಾತ್ರೆಯನ್ನೇ ಇನ್ನೊಂದು ಸಲ ತೊಳೆಯುತ್ತಿದ್ದಳು.

ಒಮ್ಮೆ ಕೇಳಿದ್ದೆ, "ಆಮೇಲೆ ಯಾಕೆ ಓಡ್ಲೇ ಇಲ್ಲ ನೀನು?"

"ಇದ್ದದ್ದನ್ನೆಲ್ಲ ಆವತ್ತೇ ಹಾಕಿ ಓಡಿದ್ದೆ ಕಣೇ. ಇನ್ನೇನೂ ಮಿಕ್ಕಿರಲಿಲ್ಲ. ಅಷ್ಟು ಹಾಕಿದ್ರೂ ಸಾಲಲಿಲ್ಲ ಅಂದ್ಮೇಲೆ ನಾನು ಅಷ್ಟೇ ಅಂತ ಗೊತ್ತಾಯ್ತು. ಗೊತ್ತಾದ್ಮೇಲೆ ಮತ್ತೆ ಮತ್ತೆ ಓಡಿ ನೋಡೋದು ಯಾಕೆ?"

ಮನೆಯಲ್ಲಿ ನಾವು ಮೂವರು: ತಾತ, ಅತ್ತೆ, ನಾನು. ಅಪ್ಪ ಅಮ್ಮ ಕೆಲಸದ ಮೇಲೆ ಬೇರೆ ಊರಲ್ಲಿದ್ದಾರೆ. ಸಿವಿಲ್ ಡಿಪ್ಲೊಮಾ ಮುಗಿಸಿದ ನನಗೆ ಈ ಊರಲ್ಲೇ ಸರ್ವೆ ಕೆಲಸ ಸಿಕ್ಕಿತು. ಅತ್ತೆಯ ಮನೆಗೆ ಬಂದು ಠಿಕಾಣಿ ಹೂಡಿದೆ. ತಾತ ಆ ಪಾರ್ಕಿನ ಮೈದಾನ ನೋಡಿಕೊಳ್ಳುತ್ತಿದ್ದವನು. ಪಾರ್ಕು ತೆರೆದ ವರ್ಷ ಸೇರಿ, ಮೂವತ್ತೊಂದು ವರ್ಷ ದುಡಿದು, ಎಂಟು ವರ್ಷದ ಹಿಂದೆ ನಿವೃತ್ತನಾದ. ಅಷ್ಟೂ ವರ್ಷ ಆ ಟ್ರ್ಯಾಕಿನ ಗೆರೆ ಹಾಕಿದವನು ಅವನೇ; ಅವನು ಬಿಟ್ಟ ಮೇಲೆ ಯಾರೂ ಮಣ್ಣು ಹಾಸಲಿಲ್ಲ, ಗೆರೆ ಹಾಕಲಿಲ್ಲ. ಅತ್ತೆ ಓಡಿದ್ದು ಅವಳಪ್ಪ ಹಾಕಿದ ಗೆರೆಯ ಮೇಲೆ.

ಗೆರೆ ಹಾಕುವುದರಲ್ಲಿ ತಾತನದೇ ಒಂದು ಕ್ರಮವಿತ್ತು. ಚಿಕ್ಕವಳಿದ್ದಾಗ ರಜೆಗೆ ಬಂದು ನೋಡಿದ್ದೇನೆ. ಮೊದಲ ವರ್ಷ ಎಂಜಿನಿಯರುಗಳು ಉಕ್ಕಿನ ಟೇಪು ತಂದು, ಸುತ್ತಿಗೆ ಸರಿಯಾಗಿ ನಾನೂರು ಮೀಟರು ಬರುವಂತೆ ಒಳಗೆರೆಯನ್ನು ಗುರುತು ಮಾಡಿ ಕೊಟ್ಟರಂತೆ. ಆಮೇಲೆ ಟೇಪು ಸುತ್ತಿಕೊಂಡು ಹೊರಟುಹೋದರು. ಅಲ್ಲಿಂದ ಮುಂದೆ ತಾತನ ಕೈಯಲ್ಲಿದ್ದ ಅಳತೆ ಒಂದೇ, ಹಿಂದಿನ ವರ್ಷದ ಗೆರೆ. ಮಳೆಗಾಲ ಮುಗಿದ ಮೇಲೆ ಪ್ರತಿವರ್ಷ ಟ್ರ್ಯಾಕಿಗೆ ಜರಡಿ ಹಿಡಿದ ಮಣ್ಣನ್ನು ಒಂದು ಬೆರಳು ದಪ್ಪ ಹಾಸಿ ರೋಲರ್ ಎಳೆಯಬೇಕು. ಹಾಸುವ ಮೊದಲು ತಾತ ಮಂಡಿಯೂರಿ ಕೂತು, ಹಳೆಯ ಗೆರೆಯ ಒಳ ಅಂಚಿಗೆ ಅಂಗೈ ಇಟ್ಟು, ನಾಲ್ಕು ಬೆರಳು ಹೊರಗೆ ಒಂದು ಕಡ್ಡಿ ನೆಡುತ್ತಿದ್ದ. ಎರಡು ಹೆಜ್ಜೆ ಮುಂದೆ ಹೋಗಿ ಇನ್ನೊಂದು. ಸುತ್ತು ಪೂರ್ತಿ ಹೀಗೆ. ಮಣ್ಣು ಕೂತ ಮೇಲೆ ಕಡ್ಡಿಯಿಂದ ಕಡ್ಡಿಗೆ ಹಗ್ಗ ಹಿಡಿದು ಸುಣ್ಣದ ಹೊಸ ಒಳಗೆರೆ. ಲೇನುಗಳನ್ನು ಓಟದ ದಿನ ಮಾತ್ರ ಅದರಿಂದ ಅಳೆದು ಬೂದಿಯಲ್ಲಿ ಎಳೆಯುತ್ತಿದ್ದ.

"ಹಳೇ ಗೆರೆ ಮೇಲೇ ಹಾಕಬಹುದಲ್ಲ ತಾತ?" ಎಂದು ಕೇಳಿದ್ದೆ.

"ಹಳೇ ಗೆರೆ ಸುಣ್ಣ ಕುಡಿದು ಕಲ್ಲಾಗಿರುತ್ತೆ. ಅದರ ನೆತ್ತಿ ಮೇಲೆ ಹೊಸ ಗೆರೆ ನಿಲ್ಲಲ್ಲ. ನಾಲ್ಕು ದಿನಕ್ಕೆ ಚಕ್ಕೆ ಏಳುತ್ತೆ."

"ಮತ್ತೆ ಒಳಗಡೆ ಹಾಕು."

ತಾತ ನನ್ನನ್ನು ಕಳ್ಳಿಯನ್ನು ನೋಡುವ ಹಾಗೆ ನೋಡಿದ. "ಒಳಗೆ ಹಾಕಿದ್ರೆ ಸುತ್ತು ಚಿಕ್ಕದಾಗಲ್ವೇನೇ? ಓಡೋರಿಗೆ ಕಡಿಮೆ ಅಳತೆ ಕೊಟ್ಟ ಹಾಗೆ. ನನ್ನ ಮೈದಾನದಲ್ಲಿ ಯಾರಿಗೂ ಒಂದು ಚೂರು ಕಡಿಮೆ ಸಿಗಬಾರದು. ತರಕಾರಿಯವಳು ತೂಕ ಆದ್ಮೇಲೂ ಒಂದು ಕಾಯಿ ಮೇಲೆ ಹಾಕ್ತಾಳೆ ನೋಡು, ಇದು ಅಂಥ ಕೊಸರು."

ನನಗಾಗ ಹತ್ತು ವರ್ಷ. ತಾತನಷ್ಟು ಪ್ರಾಮಾಣಿಕ ಮನುಷ್ಯ ಊರಲ್ಲೇ ಇಲ್ಲ ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ. ಆದರೆ ಡಿಪ್ಲೊಮಾ ಓದಿದ ಮೂರು ವರ್ಷದಲ್ಲಿ ಒಂದು ದಿನವೂ ಆ ನಾಲ್ಕು ಬೆರಳನ್ನು ಕೂಡಿಸಿ ನೋಡುವ ಬುದ್ಧಿ ನನಗೆ ಬರಲಿಲ್ಲ. ಊರವರಿಗೂ ಬರಲಿಲ್ಲ. ಅಂಚಿನ ಪೊದೆ ಟ್ರ್ಯಾಕಿನೊಳಗೆ ನುಗ್ಗುತ್ತಿದೆ ಎಂದು ಅವರು ಪ್ರತಿವರ್ಷ ದೂರು ಬರೆಯುತ್ತಿದ್ದರು. ಮಾಲಿಗಳು ಬಂದು ಕತ್ತರಿಸುತ್ತಿದ್ದರು. ಎಂಟು ಲೇನಿನ ಟ್ರ್ಯಾಕು ಏಳಾಯಿತು, ಆಮೇಲೆ ಆರಾಯಿತು. ಗಿಡ ಹೇಗೆ ಬೆಳೀತಿದೆ ನೋಡಿ ಎಂದು ಎಲ್ಲರೂ ಬೈದರು. ಗಿಡ ಇದ್ದಲ್ಲೇ ಇತ್ತು.

ಈ ವರ್ಷ ಪಾರ್ಕನ್ನು ಕೆಡವಿ ಹೊಸದಾಗಿ ಮಾಡಲು ಹೊರಟರು. ಗೇಟಿನ ಬಳಿ ದೊಡ್ಡ ಚಿತ್ರ ನಿಲ್ಲಿಸಿದರು: ಕೆಂಪು ರಬ್ಬರಿನ ಟ್ರ್ಯಾಕು, ಗಾಜಿನ ಸಮುದಾಯ ಭವನ, ಒಳಾಂಗಣ ಆಟದ ಮನೆ, ಅದರಲ್ಲಿ ಮುಖವೇ ಇಲ್ಲದ ಜನ ಖುಷಿಯಾಗಿ ಓಡಾಡುತ್ತಿದ್ದರು. ಅಂಥದ್ದೇನೂ ಕಳೆದುಹೋಗುವಂತಿರಲಿಲ್ಲ ಬಿಡಿ. ಬಟ್ಟೆ ಬದಲಾಯಿಸುವ ಕೋಣೆಯ ನಾಲ್ಕು ಶವರಿನಲ್ಲಿ ಒಂದರಲ್ಲಿ ನೀರು ಬರುತ್ತಿತ್ತು, ಅದೂ ಗೋಡೆಯ ಕಡೆಗೆ. ಸಮುದಾಯದ ಕೋಣೆಯಲ್ಲಿ ಮೂರು ಕಾಲಿನ ಕುರ್ಚಿಗಳು ಒಂದರ ಮೇಲೊಂದು ಒರಗಿಕೊಂಡಿದ್ದವು. ಷಟಲ್ ಕೋರ್ಟಿನ ತಗಡಿಗೆ ತೂತು ಬಿದ್ದು, ಮಳೆ ಬಂದರೆ ಆಟಗಾರರು ನೆನೆಯದ ಅರ್ಧ ಯಾರಿಗೆ ಎಂದು ನಾಣ್ಯ ಚಿಮ್ಮುತ್ತಿದ್ದರು. ಸರ್ವೆ ಕೆಲಸ ನಮ್ಮ ಕಂಪನಿಗೆ ಬಂತು, ಅಳತೆ ಮಾಡಲು ನನ್ನನ್ನು ಹಾಕಿದರು.

"ನನ್ನ ಮೈದಾನ ಅಳೀತೀಯಾ?" ಎಂದ ತಾತ. "ಅಳಿ, ಅಳಿ. ಒಂದು ಚೂರು ಕಡಿಮೆ ಬಂದ್ರೆ ಬಂದು ಹೇಳು."

ಗುರುವಾರ ಉತ್ತರದ ತಿರುವಿನಲ್ಲಿ ಜೆಸಿಬಿ ಇಳಿಯಿತು. ಒಳಗಿನ ಹುಲ್ಲಿನಿಂದ ಹೊರಗಿನ ಚರಂಡಿಯವರೆಗೆ, ಟ್ರ್ಯಾಕಿಗೆ ಅಡ್ಡವಾಗಿ, ಮಂಡಿಯಾಳದ ಕಾಲುವೆ ತೋಡಬೇಕಿತ್ತು. ನೀರು ಹೋಗುವ ಪೈಪಿಗೆ. ಹತ್ತು ನಿಮಿಷ ಆಗಿರಬಹುದು, ಆಪರೇಟರ್ ಬಕೆಟ್ಟನ್ನು ಗಾಳಿಯಲ್ಲೇ ನಿಲ್ಲಿಸಿ ಕೂಗಿದ.

"ಮೇಡಂ, ಪೈಪು! ಕೆಳಗೆ ಬಿಳೀ ಪೈಪಿದೆ!"

"ನಕ್ಷೆಯಲ್ಲಿ ಪೈಪಿಲ್ಲ."

"ನಕ್ಷೆಯಲ್ಲಿ ಇಲ್ದೇ ಇರೋದು ನೆಲದಲ್ಲಿ ಇದ್ದೇ ಇರುತ್ತೆ. ನಾನು ಹದಿನೆಂಟು ವರ್ಷದಿಂದ ಅಗೀತಿದೀನಿ."

ಇಳಿದು ನೋಡಿದೆ. ಕಾಲುವೆಯ ಗೋಡೆಯಲ್ಲಿ, ಒಳತುದಿಗೆ, ಬಹುತೇಕ ತಳದಲ್ಲಿ ಒಂದು ಬಿಳಿ ತುಂಡು ಕಾಣುತ್ತಿತ್ತು. ಪೈಪಲ್ಲ. ಉಗುರಿನಷ್ಟು ದಪ್ಪ, ಮೂರು ಬೆರಳು ಅಗಲ. ಕರಣೆಯಿಂದ ಸುತ್ತಲ ಹಸಿ ಮಣ್ಣು ಕೆರೆದೆ. ಅದರಿಂದ ಒಂದು ಬೆರಳು ಮೇಲೆ, ಸ್ವಲ್ಪ ಹೊರಗಡೆಗೆ, ಅಂಥದ್ದೇ ಇನ್ನೊಂದು. ಇನ್ನಷ್ಟು ಕೆರೆದೆ. ಮತ್ತೊಂದು. ಬಕೆಟ್ಟಿನ ಹಲ್ಲು ಮೆತ್ತಿದ್ದ ಮಣ್ಣನ್ನು ಬ್ರಷ್ಷಿನಿಂದ ತೆಗೆಯುತ್ತ ಹೋದ ಹಾಗೆ ಅವು ಒಂದೊಂದಾಗಿ ಹೊರಗೆ ಬಂದವು, ಪ್ರತಿಯೊಂದೂ ಒಂದು ಬೆರಳು ಮೇಲೆ, ನಾಲ್ಕು ಬೆರಳು ಹೊರಗೆ. ಇರುವೆಗಳಿಗೆಂದು ಯಾರೋ ಅಳೆದು ಕಟ್ಟಿದ ಮೆಟ್ಟಿಲಿನ ಹಾಗೆ, ತಳದಿಂದ ನೆಲದ ಮಟ್ಟದವರೆಗೆ, ಒಂದೂ ತಪ್ಪದೆ.

ನಾನು ಬ್ರಷ್ಷು ಹಿಡಿದು ಅಲ್ಲೇ ಕೂತುಬಿಟ್ಟೆ.

ತಾತ ಅಳಿಸಿಹೋಯಿತು ಎಂದುಕೊಂಡು ಪ್ರತಿವರ್ಷ ಹೊಸದಾಗಿ ಹಾಕುತ್ತಿದ್ದ ಗೆರೆಗಳಲ್ಲಿ ಒಂದೂ ಅಳಿಸಿರಲಿಲ್ಲ. ಸಾವಿರಾರು ಜನ ತುಳಿದಿದ್ದರು, ಮೂವತ್ತೊಂಬತ್ತು ಮಳೆಗಾಲ ಹೊಯ್ದಿತ್ತು. ಎಲ್ಲವೂ ತಮ್ಮ ತಮ್ಮ ವರ್ಷದ ಮಣ್ಣಿನಲ್ಲಿ ಬೆಚ್ಚಗೆ ಮಲಗಿದ್ದವು. ಬಿಸಿಲು ಕಾಲುವೆಗೆ ಓರೆಯಾಗಿ ಬಿದ್ದು ಬಿಳಿ ತುಂಡುಗಳು ಒಂದೊಂದೂ ಹೊಳೆದವು. ನನ್ನ ಕೆಲಸ ಅಳೆಯುವುದು; ನೆಲ ನೋಡಿ ನನಗೆ ಯಾವತ್ತೂ ಮೈ ಜುಮ್ಮೆಂದಿರಲಿಲ್ಲ. ಅವತ್ತು ಅಂದಿತು.

ಆಪರೇಟರ್ ಕೆಳಗಿಳಿದು ಬಂದ. ಎಂಜಿನಿಯರ್ ಮೇಡಂ ಬಂದರು. ಸೈಟಿನಲ್ಲಿ ಹೆಲ್ಮೆಟ್ ತೆಗೆದವರನ್ನು ಗೇಟಿನಾಚೆ ಕಳಿಸುವ ಹೆಂಗಸು, ತಾವೇ ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

"ಇದೇನು?"

"ನಮ್ಮ ತಾತನ ಗೆರೆಗಳು ಮೇಡಂ."

ಮೂವರೂ ಬೇರೆಬೇರೆಯಾಗಿ ಎಣಿಸಿದೆವು. ಮೂವತ್ತೊಂದು. ಇಬ್ಬರಿಗೂ ತಾತ ಎಷ್ಟು ವರ್ಷ ಕೆಲಸ ಮಾಡಿದ ಎಂದು ನಾನು ಹೇಳಿರಲಿಲ್ಲ.

"ಒಂದು ಮಾತ್ರ ಬಣ್ಣ ಬೇರೆ ಇದೆಯಲ್ಲ?" ಎಂದ ಆಪರೇಟರ್.

ಕೆಳಗಿನಿಂದ ಹದಿಮೂರನೆಯದು. ಅದು ನೀಲಿ. ಬಟ್ಟೆಗೆ ಹಾಕುವ ನೀಲಿ. ನನಗೆ ತಕ್ಷಣ ಗೊತ್ತಾಯಿತು, ಯಾಕೆಂದರೆ ಮನೆಯಲ್ಲಿ ಆ ಕತೆ ನೂರು ಸಲ ಕೇಳಿದ್ದೇನೆ: ಮಗಳ ಆಯ್ಕೆಯ ವರ್ಷ ಗೆರೆ ಬೆಳ್ಳಗೆ ಹೊಳೆಯಲಿ ಎಂದು ತಾತ ಸುಣ್ಣಕ್ಕೆ ಡಬ್ಬಿಗಟ್ಟಲೆ ನೀಲಿ ಸುರಿದಿದ್ದ. ಆ ಒಂದು ವರ್ಷ ಮಾತ್ರ.

ಆಗ, ಕಾಲುವೆಯಲ್ಲಿ ನಿಂತಿದ್ದ ಹಾಗೆಯೇ, ನನ್ನ ತಲೆ ಲೆಕ್ಕ ಮಾಡಲು ಶುರುಮಾಡಿತು. ಬೇಡವೆಂದರೂ ನಿಲ್ಲಲಿಲ್ಲ.

ಮೂಲ ನಕ್ಷೆಯಲ್ಲಿ ತಿರುವಿನ ನಡುಬಿಂದುವಿಗೆ ಕಬ್ಬಿಣದ ಗೂಟ ತೋರಿಸಿತ್ತು. ಹುಲ್ಲಿನಲ್ಲಿ ಒಂದು ಮೊಳ ಅಗೆದಾಗ ಸಿಕ್ಕಿತು, ತುಕ್ಕು ಹಿಡಿದು ಬಾಳೆದಿಂಡಿನಷ್ಟು ಉಬ್ಬಿತ್ತು. ಅದರ ಮೇಲೆ ಯಂತ್ರ ನಿಲ್ಲಿಸಿ ಗೆರೆಗಳಿಗೆ ಅಳತೆ ಹಿಡಿದೆ. ತಳದ ಗೆರೆಗೆ ಮೂವತ್ತಾರು ಮೀಟರು ಐವತ್ತು ಸೆಂಟಿಮೀಟರು, ನಕ್ಷೆಯಲ್ಲಿದ್ದಷ್ಟೇ. ನೀಲಿ ಗೆರೆಗೆ ಮೂವತ್ತೇಳು ಮೀಟರು ನಲವತ್ತು. ಹನ್ನೆರಡು ವರ್ಷದಲ್ಲಿ ಗೆರೆ ತೊಂಬತ್ತು ಸೆಂಟಿಮೀಟರು ಹೊರಗೆ ನಡೆದಿತ್ತು.

ತೊಂಬತ್ತು ಸೆಂಟಿಮೀಟರು ಏನು ಮಹಾ ಅನ್ನಿಸಬಹುದು. ನೇರ ಭಾಗದಲ್ಲಿ ಏನೂ ಅಲ್ಲ. ಗೆರೆ ಎಷ್ಟು ಸರಿದರೂ ಉದ್ದ ಅಷ್ಟೇ. ತಿರುವಿನಲ್ಲಿ ಹಾಗಲ್ಲ. ವೃತ್ತ ಒಂದು ಮೊಳ ಹೊರಗೆ ಸರಿದರೆ ಅದರ ಸುತ್ತು ಆರು ಮೊಳಕ್ಕೂ ಹೆಚ್ಚು ಬೆಳೆಯುತ್ತದೆ. ಎರಡು ತಿರುವು ಸೇರಿದರೆ ಒಂದು ವೃತ್ತ. ಆ ವರ್ಷ ಒಂದು ಸುತ್ತಿಗೆ ಐದು ಮೀಟರು ಅರವತ್ತೈದು ಸೆಂಟಿಮೀಟರು ಹೆಚ್ಚಿತ್ತು. ಅತ್ತೆ ಓಡಿದ್ದು ಎರಡು ಸುತ್ತು. ಎಂಟುನೂರು ಮೀಟರ್ ಓಟದಲ್ಲಿ ಅವಳು ಎಂಟುನೂರಾ ಹನ್ನೊಂದು ಮೀಟರು ಮೂವತ್ತು ಸೆಂಟಿಮೀಟರು ಓಡಿದ್ದಳು. ಅವಳ ವೇಗಕ್ಕೆ ಅದು ಒಂದು ಪಾಯಿಂಟ್ ಒಂಬತ್ತು ಸೆಕೆಂಡು. ಅವಳಿಗೆ ಕಡಿಮೆ ಬಿದ್ದದ್ದು ಒಂದೂವರೆ.

ನಾಲ್ಕು ಸಲ ಲೆಕ್ಕ ಮಾಡಿದೆ. ನಾಲ್ಕು ಸಲವೂ ಅದೇ ಬಂತು.

"ಸೋಮವಾರ ಪೈಪು ಹಾಕಿ ಮುಚ್ಚಬೇಕು," ಎಂದರು ಎಂಜಿನಿಯರ್ ಮೇಡಂ. "ಅಲ್ಲಿವರೆಗೆ ಯಾರೂ ಮುಟ್ಟಬೇಡಿ." ಆಪರೇಟರ್ ಕೇಳದೆಯೇ ತನ್ನ ಟಾರ್ಪಾಲು ತಂದು ಹೊದಿಸಿದ.

ಅತ್ತೆಗೆ ಹೇಳಬೇಕೋ ಬೇಡವೋ ಎಂದು ನಾನು ಹೆಚ್ಚು ತೂಗಿ ನೋಡಲಿಲ್ಲ. ಆ ಸೆಕೆಂಡು ಅವಳದು. ಇಟ್ಟುಕೊಳ್ಳಲು ನಾನು ಯಾರು? ಮರುದಿನ ಊಟದ ಬಿಡುವಿಗೆ ಲಾಂಡ್ರಿಗೆ ಹೋದೆ. ಉಗಿ ತುಂಬಿದ ಕೋಣೆ, ಸಾಲಾಗಿ ಗುಡುಗುಡು ತಿರುಗುವ ಯಂತ್ರಗಳು, ಬಿಸಿ ಸೋಪಿನ ವಾಸನೆ. ಅತ್ತೆ ಬೆಡ್‌ಶೀಟು ಮಡಿಸುತ್ತಿದ್ದಳು. ನನ್ನ ಕೈಗೆ ಒಂದು ತುದಿ ಕೊಟ್ಟಳು.

"ಏನೇ, ಮುಖ ಹಿಂಗಿದೆ? ಕೆಲಸ ಬಿಟ್ಯಾ?"

"ಇಲ್ಲ."

"ಯಾರನ್ನಾದ್ರೂ ಹಿಡ್ಕೊಂಡ್ಯಾ?"

"ಇಲ್ಲ ಅತ್ತೆ. ಟ್ರ್ಯಾಕಿನ ವಿಷಯ."

"ಅಯ್ಯೋ, ಅದಕ್ಕಿಂತ ಕೆಲಸ ಬಿಟ್ಟಿದ್ರೆ ವಾಸಿಯಿತ್ತು."

ಹೇಳಿದೆ. ಯಂತ್ರದ ಸದ್ದಿಗೆ ಕೂಗಿ ಹೇಳಬೇಕಾಯಿತು. ಅವಳು ಕೈ ನಿಲ್ಲಿಸಲಿಲ್ಲ. ಮೂಲೆಗೆ ಮೂಲೆ ಕೂಡಿಸಿದಳು, ಜಗ್ಗಿದಳು, ಮಡಿಸಿದಳು, ಇನ್ನೊಂದು ತೆಗೆದುಕೊಂಡಳು. ನಾಲ್ಕು ಬೆಡ್‌ಶೀಟು ಮುಗಿದವು.

"ಇನ್ನೊಂದ್ಸಲ ಹೇಳು."

ಇನ್ನೊಂದು ಸಲ ಹೇಳಿದೆ.

"ಅಂದ್ರೆ ಎಷ್ಟಾಗ್ತಿತ್ತು?"

"ಎರಡು ನಿಮಿಷ ಹದಿಮೂರು ಪಾಯಿಂಟ್ ಆರು."

"ಹದಿಮೂರು," ಎಂದಳು. ಆಮೇಲೆ ಬೆಡ್‌ಶೀಟಿನ ತುದಿ ಕೈಬಿಟ್ಟಳು. ಅದು ಒದ್ದೆ ನೆಲದ ಮೇಲೆ ಬಿತ್ತು. ಇಪ್ಪತ್ತಾರು ವರ್ಷದಲ್ಲಿ ಅವಳು ನೆಲಕ್ಕೆ ಬಿಟ್ಟ ಮೊದಲ ಬೆಡ್‌ಶೀಟು ಅದು ಎಂದು ಪಕ್ಕದ ಯಂತ್ರದವಳು ಆಮೇಲೆ ಹೇಳಿದಳು. ಉತ್ಪ್ರೇಕ್ಷೆ ಇರಬಹುದು.

ಸಂಜೆ ನಾಲ್ಕಕ್ಕೆ ಪಾಳಿ ಮುಗಿಸಿ ಅವಳು ನೇರ ಪಾರ್ಕಿಗೆ ಬಂದಳು. "ಬನ್ನಿ ಒಂದೂವರೆ ಅಕ್ಕ, ಹುಷಾರು, ಜಾರುತ್ತೆ," ಎಂದು ನಮ್ಮ ಬಡಾವಣೆಯವನೇ ಆದ ಆಪರೇಟರ್ ಕೈ ಕೊಟ್ಟ. ಅವಳು ಕೈ ಹಿಡಿಯದೆ ಧುಮುಕಿದಳು. ಟಾರ್ಪಾಲು ಸರಿಸಿದೆವು.

ಬೈಯುತ್ತಾಳೆ, ಅಳುತ್ತಾಳೆ ಎಂದು ಕಾದಿದ್ದೆ. ಎರಡೂ ಮಾಡಲಿಲ್ಲ. ಅವಳ ಬಾಯಿ ಸ್ವಲ್ಪ ತೆರೆದಿತ್ತು, ಮೊದಲ ಸಲ ಸಮುದ್ರ ನೋಡಿದವರ ಹಾಗೆ. ಕುಕ್ಕರಗಾಲಲ್ಲಿ ಕೂತು, ತಳದಿಂದ ಒಂದೊಂದೇ ಗೆರೆಗೆ ಬೆರಳು ಮುಟ್ಟಿಸುತ್ತ ಬಂದಳು. "ಇದು ನಾನು ಒಂದನೇ ಕ್ಲಾಸು ಸೇರಿದ ವರ್ಷದ್ದು... ಇದರಲ್ಲಿ ನಿಮ್ಮಪ್ಪ ಬಿದ್ದು ಹಲ್ಲು ಮುರ್ಕೊಂಡಿದ್ದು... ಇದು ಅಮ್ಮ ಹೋದ ವರ್ಷ. ಆ ವರ್ಷಾನೂ ಹಾಕಿದಾನೆ ನೋಡು ಅಪ್ಪ, ಒಂದು ಕೂದಲು ಆಚೀಚೆ ಆಗಿಲ್ಲ." ನೀಲಿಗೆ ಬಂದಾಗ ಬೆರಳು ನಿಂತಿತು.

"ಈ ಬಣ್ಣ ನೆನಪಿದೆ. ಬಿಸಿಲಿಗೆ ಕಣ್ಣು ಕುಕ್ತಿತ್ತು. ಎರಡು ಸುತ್ತೂ ಇದನ್ನ ಬಿಟ್ಟು ಬೇರೇನೂ ನೋಡಿಲ್ಲ ನಾನು."

"ಅತ್ತೆ..."

"ಸುಮ್ನಿರು. ಓಡ್ತಿದೀನಿ."

ಅವಳು ತಮಾಷೆಗೆ ಅಂದಳೋ ನಿಜಕ್ಕೂ ಅಂದಳೋ ತಿಳಿಯಲಿಲ್ಲ. ಎರಡು ನಿಮಿಷದ ಮೇಲೆ ಎದ್ದು ಸೀರೆಯ ಮಣ್ಣು ಕೊಡವಿಕೊಂಡಳು.

ಮನೆಗೆ ಬಂದ ಮೇಲೆ ಬೇರೆಯೇ ಹೆಂಗಸಾದಳು. ಬಕೆಟ್ಟನ್ನು ದಾರಿಯಲ್ಲಿ ಇಟ್ಟದ್ದಕ್ಕೆ ತಾತನಿಗೆ ಬೈದಳು. ಚಹಾ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು. ಅವನು ಕನ್ನಡಕ ಹುಡುಕಿದರೆ "ಮೂಗಿನ ಮೇಲೇ ಇದೆ, ನಿನಗೆ ಏನೂ ಕಾಣಲ್ಲ, ಯಾವತ್ತೂ ಕಂಡಿಲ್ಲ!" ಎಂದು ಚೀರಿದಳು. ತಾತ ನನ್ನ ಕಡೆ ಬಗ್ಗಿ ಪಿಸುಗುಟ್ಟಿದ, "ಏನೇ ಆಗಿದೆ ನಿಮ್ಮತ್ತೆಗೆ? ಲಾಂಡ್ರಿ ಯಂತ್ರ ಕೆಟ್ಟಿತಾ?" ನಾನು ತಟ್ಟೆ ನೋಡಿಕೊಂಡು ಊಟ ಮಾಡಿದೆ.

ಶನಿವಾರ ಎಂಜಿನಿಯರ್ ಮೇಡಂ ಅತ್ತೆಯನ್ನು ಕರೆಸಿದರು. ಅವರು ಎರಡು ದಿನದಿಂದ ನಿದ್ದೆ ಮಾಡಿದ ಹಾಗೆ ಕಾಣಲಿಲ್ಲ. ಆ ಗೋಡೆಯ ಫೋಟೊ ತೆಗೆಸಿದ್ದರು. ಅದನ್ನು ಹೊಸ ಸಮುದಾಯ ಭವನದ ಬಾಗಿಲ ಎದುರಿಗೇ ಆಳೆತ್ತರಕ್ಕೆ ಹಾಕಿಸುವುದು. ಕೆಳಗೆ ಪೂರ್ತಿ ಲೆಕ್ಕ. ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ಅತ್ತೆಯ ನಿಜವಾದ ಸಮಯ.

"ಯೋಚನೆ ಮಾಡಿ," ಎಂದರು. "ಶಿಬಿರ ವಾಪಸ್ ಬರಲ್ಲ, ಅದು ನನಗೂ ಗೊತ್ತು. ಆದ್ರೆ ಈ ಬಾಗಿಲಲ್ಲಿ ಬರೋ ಒಬ್ಬೊಬ್ಬರೂ ಓದ್ತಾರೆ. ಆಮೇಲೆ ನಿಮ್ಮನ್ನ ಯಾರೂ ಒಂದೂವರೆ ಅನ್ನಲ್ಲ."

ಅತ್ತೆಯ ಕಣ್ಣು ಒಂದು ಗಳಿಗೆ ಬೆಳಗಿದ್ದನ್ನು ನಾನು ಕಂಡೆ. ಸುಳ್ಳು ಯಾಕೆ ಹೇಳಲಿ, ಅವಳಿಗೆ ಬೇಕಿತ್ತು. ತುಂಬಾ ಬೇಕಿತ್ತು.

"ಅಪ್ಪ ಒಂದ್ಸಲ ನೋಡ್ಲಿ," ಎಂದಳು. "ಆಮೇಲೆ ಹೇಳ್ತೀನಿ."

ಭಾನುವಾರ ಬೆಳಗ್ಗೆ ತಾತನನ್ನು ಕರೆದುಕೊಂಡು ಬಂದೆವು. ಎಪ್ಪತ್ತಮೂರರ ಮಂಡಿಗೆ ಕಾಲುವೆ ಆಳವಾಯಿತು; ರಜೆಯ ದಿನವೂ ಬಂದಿದ್ದ ಆಪರೇಟರ್ ಗುದ್ದಲಿಯಿಂದ ಮೂರು ಮೆಟ್ಟಿಲು ಕಡಿದುಕೊಟ್ಟ. ಟಾರ್ಪಾಲು ತೆಗೆದಾಗ ತಾತ ಕನ್ನಡಕ ತೆಗೆದು ಅಂಗಿಗೆ ಒರೆಸಿ ಮತ್ತೆ ಹಾಕಿಕೊಂಡ.

"ಇದು... ನನ್ನವಾ?"

"ನಿನ್ನವೇ."

"ಎಲ್ಲಾ?"

"ಮೂವತ್ತೊಂದೂ ಇದೆ ತಾತ."

ಅವನ ಕೈ ಅದಾಗಿಯೇ ಮುಂದೆ ಹೋಯಿತು. ಒಂದು ಗೆರೆಯ ಅಂಚಿಗೆ ಅಂಗೈ ಇಟ್ಟ. ನಾಲ್ಕು ಬೆರಳು. ಮುಂದಿನ ಗೆರೆಯ ಅಂಚು ಕಿರುಬೆರಳಿಗೆ ಸರಿಯಾಗಿ ತಾಗಿತು. ಮುಂದಿನದಕ್ಕೆ ಇಟ್ಟ. ಸರಿಯಾಗಿ. ಅದರ ಮುಂದಿನದಕ್ಕೆ. ಮೂವತ್ತು ಸಲ ಇಟ್ಟ, ಮೂವತ್ತು ಸಲವೂ ಸರಿಯಾಗಿ. ಟೇಪಿಲ್ಲದೆ, ಯಂತ್ರವಿಲ್ಲದೆ, ಯುವಕನ ಕೈ ಮುದುಕನ ಕೈಯಾಗುವವರೆಗೆ, ಆ ಮನುಷ್ಯ ಒಂದು ಗೆರೆಯನ್ನೂ ಒಂದು ಎಳೆಯಷ್ಟು ಬದಲಿಸಿರಲಿಲ್ಲ. ನನ್ನ ಯಂತ್ರಕ್ಕೆ ವರ್ಷಕ್ಕೆರಡು ಸಲ ತಪ್ಪು ತಿದ್ದಿಸಬೇಕು.

ನೀಲಿ ಗೆರೆಗೆ ಬಂದಾಗ ತಾತ ನಕ್ಕ. "ಇದು ನಿನ್ನ ವರ್ಷದ್ದು ಮಗಾ. ನಿಮ್ಮಮ್ಮನ ಪೆಟ್ಟಿಗೆಯಲ್ಲಿದ್ದ ನೀಲಿಯೆಲ್ಲ ಖಾಲಿ ಮಾಡಿದ್ದೆ." ಆಮೇಲೆ ಗೋಡೆಗೆ ಬೆನ್ನು ಮಾಡಿ ನನ್ನ ಕಡೆ ತಿರುಗಿದ. "ಅಳತೆ ಹಿಡಿದ್ಯಾ? ಕಡಿಮೆ ಬಂತಾ?"

ನಾನು ಅತ್ತೆಯ ಮುಖ ನೋಡಿದೆ. ಆಪರೇಟರ್ ತನ್ನ ಬೂಟು ನೋಡಿಕೊಂಡ. ಅತ್ತೆ ಅಪ್ಪನ ಆ ಕೈಯನ್ನೇ ನೋಡುತ್ತಿದ್ದಳು. ಬೆರಳುಗಳು ಇನ್ನೂ ಜೋಡಿಸಿದ ಹಾಗೇ ಇದ್ದವು, ಉಗುರಿನ ಸಂದಿಯಲ್ಲಿ ಸುಣ್ಣ.

"ಕಡಿಮೆ ಬಂದಿಲ್ಲ ಅಪ್ಪ," ಎಂದಳು. "ಒಂದು ಚೂರೂ ಕಡಿಮೆ ಬಂದಿಲ್ಲ."

"ಕೊಸರು?"

"ಕೊಸರೂ ಇತ್ತು."

"ಹಾಂ," ಎಂದ ತಾತ. ಮೂರು ಮೆಟ್ಟಿಲು ತಾನೇ ಹತ್ತಿದ. ಅವನಿಗೆ ತಿಳಿಯಿತೋ ಇಲ್ಲವೋ ನಾನು ಹೇಳಲಾರೆ. ಲೆಕ್ಕ ಬಾರದ ಮನುಷ್ಯನಲ್ಲ. ಅವತ್ತು ಊಟದ ಹೊತ್ತಿಗೆ ಬಕೆಟ್ಟನ್ನು ದಾರಿಯಿಂದ ತಾನೇ ಎತ್ತಿಟ್ಟ.

ಅತ್ತೆ ಎಂಜಿನಿಯರ್ ಮೇಡಂಗೆ ಫೋನು ಮಾಡಿದಳು. "ಫೋಟೊ ಹಾಕ್ಸಿ. ಕೆಳಗೆ ಅಪ್ಪನ ಹೆಸರು, ಮೂವತ್ತೊಂದು ವರ್ಷ ಅಂತ. ಲೆಕ್ಕ ಬೇಡ."

ಆ ಕಡೆಯಿಂದ ಅವರು ಏನೋ ಜೋರಾಗಿ ಹೇಳುತ್ತಿದ್ದರು.

"ಒಂದೂವರೆ ಅಂತಾನೇ ಅನ್ಲಿ ಬಿಡಿ ಮೇಡಂ. ಅಂದೂ ಅಂದೂ ಅಭ್ಯಾಸ ಆಗಿದೆ." ಫೋನಿಟ್ಟು, ನನ್ನ ಕಡೆ ತಿರುಗಿ, "ನೀನು ಮಾತ್ರ ಇನ್ಮೇಲೆ ಮನೆಯಲ್ಲಿ ಆ ಹೆಸರು ಎತ್ತಿದ್ರೆ ಕಪಾಳಕ್ಕೆ ಬಾರಿಸ್ತೀನಿ" ಎಂದಳು.

ಸೋಮವಾರ ಕೆಲಸಕ್ಕೆ ಹೋಗುವ ಮುಂಚೆ ಖಾಲಿ ಊಟದ ಡಬ್ಬಿ ಹಿಡಿದು ಬಂದಳು. ನೀಲಿ ಗೆರೆಯ ತುಂಡನ್ನು ಚಾಕುವಿನಿಂದ ಬಿಡಿಸಿ ಡಬ್ಬಿಯಲ್ಲಿಟ್ಟುಕೊಂಡಳು. ಸಂಜೆ ತೆರೆದಾಗ ಅದು ಒಣಗಿ ಪುಡಿಯಾಗಿತ್ತು. ಬೂದು ಬಣ್ಣದ ಮಣ್ಣು, ಅಷ್ಟೇ. ನಲ್ಲಿಯ ಕೆಳಗೆ ಡಬ್ಬಿ ತೊಳೆದಿಟ್ಟಳು.

ಅಷ್ಟರಲ್ಲಿ ಪೈಪು ಹಾಕಿ ಜಲ್ಲಿ ತುಂಬಿದ್ದೆವು. ಗುರುವಾರದ ಹೊತ್ತಿಗೆ ಉಳಿದ ಟ್ರ್ಯಾಕನ್ನೂ ಮೊಣಕಾಲಾಳ ಕೆರೆದು ಲಾರಿಗೆ ಹಾಕಿದರು. ಹೊಸ ಟ್ರ್ಯಾಕಿನ ಒಳಗೆರೆಯನ್ನು ನಾನೇ ಗುರುತು ಮಾಡಿದೆ. ಆ ಗೂಟದಿಂದ ಮೂವತ್ತಾರು ಮೀಟರು ಐವತ್ತು ಸೆಂಟಿಮೀಟರು. ಸುತ್ತಿಗೆ ನಾನೂರು ಮೀಟರು. ಕೊಸರಿಲ್ಲ.

ಹೋದದ್ದು: ಮೂವತ್ತೊಂದು ಗೆರೆ, ಹನ್ನೊಂದು ಮೀಟರು ಮೂವತ್ತು ಸೆಂಟಿಮೀಟರು, ಒಂದು ಪಾಯಿಂಟ್ ಒಂಬತ್ತು ಸೆಕೆಂಡು.